ಗೋಡೆಗೆ ತೂಗುಹಾಕಿದ ಪಾಠ

ಜರ್ಮನಿಯ ಟೋರ್ಗೌ ಪಟ್ಟಣದ ಹತ್ತಿರ ಎಲ್ಸ್‌ನಿಗ್ ಎಂಬ ಹಳ್ಳಿ. 1520ರ ದಶಕ ಮುಗಿಯುತ್ತ ಬಂದಿದ್ದ ಕಾಲ. ಚರ್ಚುಗಳ ಸ್ಥಿತಿಗತಿ ನೋಡಿಬರಲು ಅರಸ ಕಳಿಸಿದ್ದ ತನಿಖಾ ತಂಡ ಅಲ್ಲಿಗೂ ಬಂತು. ಕರ್ತನ ಪ್ರಾರ್ಥನೆಯನ್ನೂ ವಿಶ್ವಾಸಪ್ರಮಾಣವನ್ನೂ ಹೇಳುವುದು ಅಲ್ಲಿನ ಮುದಿ ಪಾದ್ರಿಗೆ ಸರಿಯಾಗಿ ಬರುತ್ತಿರಲಿಲ್ಲ. ಕ್ರೈಸ್ತ ಮನೆಯ ಮಗುವಿಗೂ ಗೊತ್ತಿರಬೇಕಾದ ಪಾಠಗಳು ಇವು. ಅದೇ ಪಾದ್ರಿ ದೆವ್ವ ಬಿಡಿಸುವುದರಲ್ಲಿ ಮಾತ್ರ ಸುತ್ತಮುತ್ತ ದೊಡ್ಡ ಹೆಸರು ಮಾಡಿದ್ದರು.

ಇಂಥ ಹಳ್ಳಿಗಳನ್ನು ಕಂಡು ಬೆಚ್ಚಿದವರಲ್ಲಿ ಮಾರ್ಟಿನ್ ಲೂಥರ್ ಒಬ್ಬರು. ಹತ್ತು ವರ್ಷ ಪೋಪರ ಅಧಿಕಾರವನ್ನು ಎದುರಿಸಿ ಯುರೋಪನ್ನೇ ಅಲುಗಾಡಿಸಿದ್ದವರು ಅವರು. ತಮ್ಮ ಮನೆಯಂಗಳದ ಹಳ್ಳಿಗಳಲ್ಲೇ ಜನಕ್ಕೆ ನಂಬಿಕೆಯ ಮೊದಲ ಅಕ್ಷರವೂ ಗೊತ್ತಿಲ್ಲ ಎಂಬುದು ಅವರಿಗೆ ಹತ್ತಿರದಿಂದ ಕಂಡದ್ದು 1528ರ ಚಳಿಗಾಲದಲ್ಲಿ. ಆ ಆಘಾತದ ನಡುವೆ ಸಿದ್ಧವಾದ ಪುಟ್ಟ ಪುಸ್ತಕವೊಂದು ಕ್ರೈಸ್ತ ಧರ್ಮದ ಮೂಲ ಬೋಧನೆಗಳನ್ನು ಜನಸಾಮಾನ್ಯರು ಕಲಿಯುವ ಬಗೆಯನ್ನೇ ಬದಲಿಸಿತು. ಅದು 1529ರ ‘ಸಣ್ಣ ಕ್ಯಾಟೆಕಿಸಂ’.

ಹಳೆಯ ಪಾಠ, ಮರೆತ ಪಾಠ

ಕ್ಯಾಟೆಕಿಸಂ ಎಂಬುದರ ಮೂಲ ಗ್ರೀಕ್ ಮಾತು. ಬಾಯಿಂದ ಹೇಳಿ ಕಿವಿಗೆ ಮುಟ್ಟಿಸುವುದು, ಹೇಳಿಕೊಡುವುದು ಎಂದು ಅದರ ಅರ್ಥ. ಕ್ರೈಸ್ತ ಸಭೆಯ ಮೊದಲ ಶತಮಾನಗಳಲ್ಲಿ ಹೊಸದಾಗಿ ನಂಬಿಕೆಗೆ ಬರುತ್ತಿದ್ದವರಲ್ಲಿ ವಯಸ್ಕರೇ ಬಹಳ. ದೀಕ್ಷಾಸ್ನಾನಕ್ಕೆ ಮುಂಚೆ ಅವರು ದೀರ್ಘಕಾಲ ಪಾಠ ಕೇಳಬೇಕಿತ್ತು. ನಾಲ್ಕನೇ ಶತಮಾನದ ನಡುವಿನಲ್ಲಿ ಜೆರುಸಲೇಮಿನ ಬಿಷಪ್ ಸಿರಿಲ್ ಇಂಥ ಕಲಿಕೆಗಾರರಿಗೆ ಮಾಡಿದ ಉಪನ್ಯಾಸಗಳು ಇಂದಿಗೂ ಉಳಿದಿವೆ. ಸುಮಾರು 400ರ ಹೊತ್ತಿಗೆ ಉತ್ತರ ಆಫ್ರಿಕಾದ ಅಗಸ್ಟೀನರು, ಏನೂ ತಿಳಿಯದೆ ಬಂದವರಿಗೆ ಹೇಗೆ ಕಲಿಸಬೇಕು ಎಂಬುದರ ಮೇಲೆಯೇ ಒಂದು ಪುಸ್ತಕ ಬರೆದರು.

ಮುಂದೆ ಯುರೋಪಿನ ಊರಿಗೆ ಊರೇ ಕ್ರೈಸ್ತವಾಯಿತು. ಹುಟ್ಟಿದ ಕೂಸಿಗೆ ದೀಕ್ಷಾಸ್ನಾನ ಕೊಡುವುದೇ ವಾಡಿಕೆಯಾಯಿತು. ಕಲಿತು ಒಳಗೆ ಬರುವ ಕ್ರಮ ಹೋಯಿತು, ಒಳಗೆ ಬಂದ ಮೇಲೆ ಕಲಿಸುವ ಗಟ್ಟಿ ಏರ್ಪಾಡು ಹುಟ್ಟಲಿಲ್ಲ. ಸಭೆಯ ಹಿರಿಯರಿಗೆ ಈ ಕೊರತೆ ತಿಳಿಯದೆ ಇರಲಿಲ್ಲ. 1281ರಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಪೆಕಮ್, ಪಾದ್ರಿಗಳು ವರ್ಷಕ್ಕೆ ನಾಲ್ಕು ಸಲವಾದರೂ ಜನರಿಗೆ ಅವರ ಆಡುಮಾತಿನಲ್ಲಿ ನಂಬಿಕೆಯ ಅಂಶಗಳನ್ನೂ ದಶಾಜ್ಞೆಗಳನ್ನೂ ವಿವರಿಸಲೇಬೇಕೆಂದು ಕಟ್ಟಳೆ ಮಾಡಿಸಿದರು. ಹದಿನೈದನೇ ಶತಮಾನದ ಕೊನೆಯ ದಶಕಗಳಲ್ಲಿ ಡೀಟ್ರಿಕ್ ಕೋಲ್ಡೆ ಎಂಬ ಸನ್ಯಾಸಿ ಬರೆದ ಜರ್ಮನ್ ಕೈಪಿಡಿ ಮತ್ತೆ ಮತ್ತೆ ಅಚ್ಚಾಯಿತು. ಆದರೆ ಅಂಥ ಪುಸ್ತಕಗಳು ಓದುಬಲ್ಲ ಪಟ್ಟಣಿಗರ ಕೈ ಸೇರಿದವು. ಹಳ್ಳಿಗನ ಪಾಲಿಗೆ ಧರ್ಮವೆಂದರೆ ಹಬ್ಬ, ಹರಕೆ, ಉಪವಾಸ, ತನಗೆ ತಿಳಿಯದ ಲ್ಯಾಟಿನ್ ಭಾಷೆಯ ಪೂಜೆ.

ಕಟ್ಟಡ ಕುಸಿದಾಗ

1517ರ ಅಕ್ಟೋಬರ್ 31ರಂದು ಲೂಥರ್ ತಮ್ಮ 95 ವಾದಾಂಶಗಳನ್ನು ವಿಟೆನ್‌ಬರ್ಗಿನ ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಅಂಟಿಸಿದರು ಎಂಬುದು ಶಾಲೆಯ ಪಠ್ಯದಲ್ಲೂ ಬರುವ ಕಥೆ. ಅವರು ಅವನ್ನು ಬಿಷಪರಿಗೆ ಕಳಿಸಿದ್ದು ನಿಜ, ಬಾಗಿಲಿಗೆ ಹೊಡೆದದ್ದು ನಿಜವೇ ಎಂದು 1961ರಲ್ಲಿ ಎರ್ವಿನ್ ಇಸರ್ಲೋ ಎಂಬ ವಿದ್ವಾಂಸ ಪ್ರಶ್ನಿಸಿದ ಮೇಲೆ ಚರ್ಚೆ ನಿಂತಿಲ್ಲ. ಮೊಳೆಯ ಕಥೆ ಏನೇ ಇರಲಿ, ಮುಂದಿನ ಎಂಟು ವರ್ಷಗಳಲ್ಲಿ ಆದದ್ದು ಮಾತ್ರ ಎಲ್ಲರ ಕಣ್ಣೆದುರೇ ಇತ್ತು. 1521ರಲ್ಲಿ ವೋರ್ಮ್ಸ್ ಸಭೆಯಲ್ಲಿ ಚಕ್ರವರ್ತಿಯ ಎದುರು ಲೂಥರ್ ತಮ್ಮ ಬರಹಗಳನ್ನು ಹಿಂದೆಗೆದುಕೊಳ್ಳಲು ಒಪ್ಪಲಿಲ್ಲ. 1522ರ ಸೆಪ್ಟೆಂಬರಿನಲ್ಲಿ ಅವರ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾಯಿತು. ಮಠಗಳು ಖಾಲಿಯಾದವು, ಬಿಷಪರ ಮೇಲ್ವಿಚಾರಣೆ ಸಡಿಲವಾಯಿತು. 1524–25ರಲ್ಲಿ ರೈತರು ದಂಗೆಯೆದ್ದರು. ಅರಸರು ಅದನ್ನು ರಕ್ತದಲ್ಲಿ ಮುಳುಗಿಸಿದರು. ಆ ದಮನದ ಪರವಾಗಿ ಲೂಥರ್ ಬರೆದ ಕಟು ಮಾತುಗಳು ಅವರ ಹೆಸರಿಗೆ ಅಳಿಸಲಾಗದ ಕಲೆಯಾಗಿ ಉಳಿದವು.

ಹಳೆಯ ವ್ಯವಸ್ಥೆ ಕುಸಿದರೂ ಆ ಜಾಗದಲ್ಲಿ ಹೊಸದು ಏಳಲಿಲ್ಲ. ಸತ್ತವರ ಹೆಸರಿನಲ್ಲಿ ಪೂಜೆ ಮಾಡಿಸುವ ಹಣ, ದತ್ತಿ, ಕಾಣಿಕೆಗಳಿಂದ ಪಾದ್ರಿಗಳ ಹೊಟ್ಟೆ ತುಂಬುತ್ತಿತ್ತು. ಅಂಥ ಪೂಜೆಗಳಿಂದ ಪ್ರಯೋಜನವಿಲ್ಲ ಎಂಬ ಬೋಧನೆ ಹರಡಿದ ಮೇಲೆ ಆ ಆದಾಯ ನಿಂತಿತು. ಪಾದ್ರಿಗಳು ಹೊಲ ಉತ್ತರು, ಬೇರೆ ಬೇರೆ ಕಸುಬು ಹಿಡಿದರು. ಶಾಲೆಗಳಿಗೆ ಮಕ್ಕಳು ಬರುವುದು ಕಡಿಮೆಯಾಯಿತು. ಉಪವಾಸ, ಹರಕೆಗಳ ಕಟ್ಟು ಬಿಟ್ಟದ್ದು ಜನರಿಗೆ ತಕ್ಷಣ ಅರ್ಥವಾಯಿತು. ಬಿಡುಗಡೆ ಯಾತಕ್ಕಾಗಿ ಎಂಬುದು ಅರ್ಥವಾಗಲಿಲ್ಲ. ಇದು ಲೂಥರರ ಧರ್ಮಸುಧಾರಣೆಯ ನಿಜವಾದ ಸಂಕಟ. ವಾದದಲ್ಲಿ ಗೆದ್ದವರು ಪಾಠದಲ್ಲಿ ಸೋಲುವ ಹಂತಕ್ಕೆ ಬಂದಿದ್ದರು.

ಎರಡು ಚೀಲಗಳು

ಮಕ್ಕಳಿಗೊಂದು ಸರಳ ಪಾಠಪುಸ್ತಕ ಬೇಕೆಂದು ಲೂಥರ್‌ಗೆ ಮೊದಲೇ ಅನ್ನಿಸಿತ್ತು. 1525ರಲ್ಲಿ ಅದನ್ನು ಬರೆಯುವ ಕೆಲಸವನ್ನು ಯುಸ್ಟುಸ್ ಯೋನಾಸ್ ಮತ್ತು ಯೋಹಾನ್ ಅಗ್ರಿಕೋಲ ಎಂಬ ಸಂಗಡಿಗರಿಗೆ ಒಪ್ಪಿಸಿದರು. ಅದು ಕೈಗೂಡಲಿಲ್ಲ. 1526ರಲ್ಲಿ ಜರ್ಮನ್ ಭಾಷೆಯ ಆರಾಧನಾ ಕ್ರಮವನ್ನು ಪ್ರಕಟಿಸುವಾಗ ಅವರು ಒಂದು ಮುದ್ದಾದ ಉಪಾಯ ಸೂಚಿಸಿದರು. ಮಗು ಮನಸ್ಸಿನಲ್ಲಿ ಎರಡು ಚೀಲ ಹೊಲಿದುಕೊಳ್ಳಲಿ, ಒಂದು ನಂಬಿಕೆಯದು, ಇನ್ನೊಂದು ಪ್ರೀತಿಯದು. ಒಂದೊಂದಕ್ಕೂ ಎರಡೆರಡು ಜೇಬು. ನಂಬಿಕೆಯ ಚೀಲದ ಒಂದು ಜೇಬಿನಲ್ಲಿ ನಾವೆಲ್ಲರೂ ಪಾಪಿಗಳು ಎಂಬ ಅರಿವು, ಇನ್ನೊಂದರಲ್ಲಿ ಕ್ರಿಸ್ತನಿಂದ ಬಿಡುಗಡೆ ಉಂಟು ಎಂಬ ಭರವಸೆ. ಪ್ರೀತಿಯ ಚೀಲದ ಒಂದು ಜೇಬಿನಲ್ಲಿ ಎಲ್ಲರಿಗೂ ಒಳಿತು ಮಾಡುವುದು, ಇನ್ನೊಂದರಲ್ಲಿ ಬಂದ ಕೆಡುಕನ್ನು ಸಹಿಸುವುದು. ಪ್ರಸಂಗದಲ್ಲಿ ಕೇಳಿದ ಬೈಬಲ್ ವಾಕ್ಯಗಳನ್ನು ಮಗು ಮನೆಗೆ ತಂದು, ನಾಣ್ಯ ಹಾಕಿಟ್ಟಂತೆ ಆಯಾ ಜೇಬಿಗೆ ಹಾಕಬೇಕು. ದೊಡ್ಡ ಸಿದ್ಧಾಂತವನ್ನು ಮಗುವಿನ ಕೈಯಳತೆಗೆ ತರುವ ಈ ಹವಣಿಕೆಯಲ್ಲಿ ಮುಂದಿನ ಪುಸ್ತಕದ ಬೀಜವಿತ್ತು.

ಅಷ್ಟರಲ್ಲಿ ವಿಟೆನ್‌ಬರ್ಗ್ ಸೇರಿದ್ದ ಸ್ಯಾಕ್ಸನಿಯಲ್ಲಿ ಅರಸ ಬದಲಾಗಿದ್ದರು. ಲೂಥರ್‌ಗೆ ಆಸರೆ ನೀಡಿದ್ದ ಫ್ರೆಡರಿಕ್ 1525ರ ಮೇ ತಿಂಗಳಲ್ಲಿ ತೀರಿಕೊಂಡರು, ತಮ್ಮ ಯೋಹಾನ್ ಪಟ್ಟಕ್ಕೆ ಬಂದರು. ಪ್ರತಿ ಸಭೆಯನ್ನೂ ತನಿಖೆ ಮಾಡಿಸಬೇಕೆಂದು ಲೂಥರ್ ಅವರಿಗೆ ಮತ್ತೆ ಮತ್ತೆ ಬರೆದರು. 1527ರಲ್ಲಿ ಲೂಥರರ ಸಂಗಡಿಗ ಫಿಲಿಪ್ ಮೆಲಾಂಕ್ತನ್ ಅವರನ್ನೊಳಗೊಂಡ ಮೊದಲ ತಂಡ ಹೊರಟಿತು. ಪಾದ್ರಿಯ ಓದು, ನಡತೆ, ಸಂಬಳ, ಜನರ ತಿಳಿವಳಿಕೆ, ಶಾಲೆ ಎಲ್ಲವನ್ನೂ ಅವರು ವಿಚಾರಿಸಿದರು.

ಈ ತನಿಖೆಯೇ ಸುಧಾರಕರೊಳಗೆ ಒಂದು ಜಗಳ ಹುಟ್ಟಿಸಿತು. ಪಾಪದ ಅರಿವಾಗಬೇಕಾದರೆ ಮೊದಲು ದಶಾಜ್ಞೆಗಳನ್ನು ಬೋಧಿಸಬೇಕು ಎಂದು ಮೆಲಾಂಕ್ತನ್ ಪಾದ್ರಿಗಳಿಗೆ ತಿಳಿಸಿದರು. ಪಶ್ಚಾತ್ತಾಪ ಹುಟ್ಟುವುದು ಕಟ್ಟಳೆಯ ಹೆದರಿಕೆಯಿಂದಲ್ಲ, ಸುವಾರ್ತೆಯ ಪ್ರೀತಿಯಿಂದ ಎಂದು ಅಗ್ರಿಕೋಲ ಎದುರು ನಿಂತರು. 1527ರ ನವೆಂಬರಿನಲ್ಲಿ ಟೋರ್ಗೌನಲ್ಲಿ ಲೂಥರ್ ನಡುವೆ ಬಂದು ರಾಜಿ ಮಾಡಿಸಿದರು. 1528ರ ಮಾರ್ಚಿನಲ್ಲಿ ತನಿಖಾಧಿಕಾರಿಗಳ ಕೈಪಿಡಿ ಲೂಥರರ ಮುನ್ನುಡಿಯೊಂದಿಗೆ ಹೊರಬಂತು. ಸಣ್ಣ ಕ್ಯಾಟೆಕಿಸಂ ಹುಟ್ಟಲು ಹಳ್ಳಿಗಳ ಅಜ್ಞಾನವೇ ಮುಖ್ಯ ಕಾರಣ ಎಂದು ಹಿಂದಿನಿಂದ ಬಂದ ಅಭಿಪ್ರಾಯ. ಅಗ್ರಿಕೋಲ ಜೊತೆಗಿನ ಈ ವಾದಕ್ಕೂ ಅಷ್ಟೇ ತೂಕ ಕೊಡಬೇಕೆಂದು ಇತ್ತೀಚಿನ ಕೆಲವು ವಿದ್ವಾಂಸರು ಹೇಳುತ್ತಾರೆ. ಪುಸ್ತಕ ದಶಾಜ್ಞೆಗಳಿಂದ ಶುರುವಾಗುವುದನ್ನು ನೋಡಿದರೆ ಎರಡೂ ಮಾತಿನಲ್ಲಿ ಹುರುಳಿದೆ.

ಚಳಿಗಾಲದ ಪಯಣ

1528ರ ಅಕ್ಟೋಬರ್ ಕೊನೆಯಲ್ಲಿ ವಿಟೆನ್‌ಬರ್ಗ್ ಸುತ್ತಲಿನ ಸಭೆಗಳ ತನಿಖೆಗೆ ಲೂಥರ್ ತಾವೇ ಹೊರಟರು. ಅದೇ ವರ್ಷದ ಆಗಸ್ಟಿನಲ್ಲಿ ಅವರ ಎಳೆಯ ಮಗಳು ಎಲಿಜಬೆತ್ ತೀರಿಕೊಂಡಿದ್ದಳು. ಮನೆಯಲ್ಲಿ ಎರಡು ವರ್ಷದ ಹನ್ಸ್ ಇದ್ದ. ಊರ ಪಾದ್ರಿ ಬುಗೆನ್‌ಹಾಗನ್ ಬೇರೆ ಪಟ್ಟಣಗಳಲ್ಲಿ ಸಭೆ ಕಟ್ಟಲು ಹೋಗಿದ್ದರಿಂದ ವಿಟೆನ್‌ಬರ್ಗಿನ ಪ್ರಸಂಗಪೀಠದ ಹೊಣೆಯೂ ಲೂಥರರ ಮೇಲೆಯೇ ಬಿದ್ದಿತ್ತು. ಮೇ, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಮೂರು ಸಲ ಅವರು ಮೂಲ ಬೋಧನೆಗಳ ಮೇಲೆ ಸಾಲು ಪ್ರಸಂಗಗಳನ್ನು ಮಾಡಿದರು. ಹಳ್ಳಿಗಳಲ್ಲಿ ಕಂಡದ್ದು, ಪೀಠದಲ್ಲಿ ಹೇಳಿದ್ದು, ಮನೆಯಲ್ಲಿ ಮಗುವಿನ ಮಾತು ಕೇಳಿದ್ದು ಮೂರೂ ಈ ಕೆಲವು ತಿಂಗಳಲ್ಲಿ ಒಂದಕ್ಕೊಂದು ಬೆಸೆದುಕೊಂಡವು.

1529ರ ಜನವರಿಯಲ್ಲಿ, ಮೈ ಸರಿಯಿಲ್ಲದಿದ್ದರೂ, ಏನೂ ಕಲಿಯದ ಹಳ್ಳಿಗರಿಗಾಗಿ ಕ್ಯಾಟೆಕಿಸಂ ಸಿದ್ಧಪಡಿಸುತ್ತಿದ್ದೇನೆ ಎಂದು ಅವರು ಸ್ನೇಹಿತರೊಬ್ಬರಿಗೆ ತಿಳಿಸಿದರು. ಅದೇ ತಿಂಗಳು ಮೊದಲ ಭಾಗಗಳು ಹೊರಬಂದವು. ಅವು ಪುಸ್ತಕವಾಗಿರಲಿಲ್ಲ, ಒಂದೇ ಮಗ್ಗುಲಲ್ಲಿ ಅಚ್ಚಾದ ದೊಡ್ಡ ಹಾಳೆಗಳು. ಮನೆ, ಶಾಲೆ, ಚರ್ಚಿನ ಗೋಡೆಗೆ ತೂಗುಹಾಕಲು ಮಾಡಿದವು. ಪುಸ್ತಕ ಕೊಳ್ಳಲಾಗದ ಮನೆಗೂ ಒಂದು ಹಾಳೆ ಸೇರಬಹುದು, ಓದು ಬಂದ ಒಬ್ಬರು ಓದಿದರೆ ಉಳಿದವರು ಕೇಳಿ ಕಲಿಯಬಹುದು. ಏಪ್ರಿಲಿನಲ್ಲಿ ಪಾದ್ರಿಗಳಿಗಾಗಿ ಬರೆದ ‘ದೊಡ್ಡ ಕ್ಯಾಟೆಕಿಸಂ’ ಬಂತು. ಮೇ ತಿಂಗಳಲ್ಲಿ ಆ ಗೋಡೆಹಾಳೆಗಳು ಒಟ್ಟುಗೂಡಿ ಪುಟ್ಟ ಪುಸ್ತಕವಾದವು. ವಿಟೆನ್‌ಬರ್ಗಿನ ಆ ಮೊದಲ ಮುದ್ರಣದ ಒಂದು ಪ್ರತಿಯೂ ಉಳಿದಿಲ್ಲ. ಎರ್‌ಫರ್ಟ್ ಮತ್ತು ಮಾರ್ಬರ್ಗ್‌ಗಳಲ್ಲಿ ಆದ ಮರುಮುದ್ರಣಗಳಿಂದ ಅದರ ರೂಪ ನಮಗೆ ತಿಳಿದಿದೆ.

ಪುಸ್ತಕದ ಒಳಗೆ

ದಶಾಜ್ಞೆಗಳು, ಅಪೊಸ್ತಲರ ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ. ಬೆಳಗಿಗೂ ರಾತ್ರಿಗೂ ಊಟಕ್ಕೂ ಪ್ರಾರ್ಥನೆಗಳು. ಗಂಡ, ಹೆಂಡತಿ, ಮಕ್ಕಳು, ಆಳು, ಒಡೆಯ ಇವರ ಕರ್ತವ್ಯಗಳ ಪಟ್ಟಿ. ಪುಸ್ತಕವೆಂದರೆ ಹೆಚ್ಚುಕಡಿಮೆ ಇಷ್ಟೇ. ಹೊಸ ಸಿದ್ಧಾಂತ ಅದರಲ್ಲಿ ಒಂದೂ ಇಲ್ಲ. ಹೊಸದಾಗಿದ್ದದ್ದು ಜೋಡಣೆ.

ಮೊದಲು ಆಜ್ಞೆಗಳನ್ನಿಟ್ಟದ್ದಕ್ಕೆ ಒಂದು ತರ್ಕವಿತ್ತು. ಲೂಥರ್ 1520ರಲ್ಲೇ ಅದನ್ನು ವೈದ್ಯದ ಹೋಲಿಕೆಯಿಂದ ವಿವರಿಸಿದ್ದರು. ಆಜ್ಞೆಗಳು ರೋಗವೇನೆಂದು ತೋರಿಸುತ್ತವೆ, ವಿಶ್ವಾಸಪ್ರಮಾಣ ಮದ್ದು ಎಲ್ಲಿದೆಯೆಂದು ಹೇಳುತ್ತದೆ, ಪ್ರಾರ್ಥನೆ ಆ ಮದ್ದನ್ನು ಬೇಡಿ ಪಡೆಯುವ ದಾರಿ. ವಿಶ್ವಾಸಪ್ರಮಾಣವನ್ನು ಹಿಂದಿನವರು ಹನ್ನೆರಡು ಅಪೊಸ್ತಲರ ಲೆಕ್ಕಕ್ಕೆ ಹನ್ನೆರಡಾಗಿ ಒಡೆಯುತ್ತಿದ್ದರು. ಲೂಥರ್ ಮೂರೇ ಭಾಗ ಮಾಡಿದರು: ಸೃಷ್ಟಿ, ವಿಮೋಚನೆ, ಪವಿತ್ರೀಕರಣ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ತತ್ತ್ವ ಹೀಗೆ ಮೂರು ಬೆರಳಿನಲ್ಲಿ ಎಣಿಸುವಷ್ಟು ಸುಲಭವಾಯಿತು. ಪ್ರತಿ ಭಾಗದಲ್ಲೂ ಮಾತು ‘ನಾನು’ ಎಂದೇ ನಡೆಯುತ್ತದೆ. ದೇವರು ಜಗತ್ತನ್ನು ಸೃಷ್ಟಿಸಿದ ಎಂದಷ್ಟೇ ಹೇಳದೆ ನನ್ನನ್ನು, ನನ್ನ ಕಣ್ಣು ಕಿವಿಗಳನ್ನು ಕೊಟ್ಟ ಎಂದು ಮಗು ಹೇಳಬೇಕು.

ಬೇಡ ಎನ್ನುವ ಆಜ್ಞೆಗಳನ್ನು ಲೂಥರ್ ಮಾಡಬೇಕಾದ್ದರ ಕಡೆಗೆ ತಿರುಗಿಸಿದರು. ಕೊಲ್ಲಬೇಡ ಎಂದರೆ ನೆರೆಯವನ ದೇಹದ ಕಷ್ಟದಲ್ಲಿ ನೆರವಾಗು ಎಂದೂ ಅರ್ಥ. ಕದಿಯಬೇಡ ಎಂದರೆ ಅವನ ಸೊತ್ತು, ಅವನ ಜೀವನೋಪಾಯ ಹೆಚ್ಚುವಂತೆ ನೋಡಿಕೋ ಎಂದೂ ಅರ್ಥ. ದಿನದ ರೊಟ್ಟಿ ಬೇಡುವ ಪ್ರಾರ್ಥನೆಗೆ ಬಂದಾಗ ಅವರ ಪಟ್ಟಿ ರೊಟ್ಟಿಗೆ ನಿಲ್ಲಲಿಲ್ಲ. ಬಟ್ಟೆ, ಕೆರ, ಮನೆ, ಹೊಲ, ದನ, ಹಣ, ಒಳ್ಳೆಯ ಆಳ್ವಿಕೆ, ಹದವಾದ ಹವೆ, ಆರೋಗ್ಯ, ನಂಬಿಗಸ್ತ ನೆರೆಹೊರೆ ಎಲ್ಲವೂ ಸೇರಿದವು. ರೈತನೊಬ್ಬ ರಾತ್ರಿ ಮಲಗುವ ಮುಂಚೆ ಮನಸ್ಸಿನಲ್ಲೇ ಎಣಿಸುವ ಪಟ್ಟಿ ಅದು. ಧರ್ಮದ ತತ್ತ್ವ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿತು.

ಈ ಎಲ್ಲಕ್ಕೂ ಕೊಂಡಿಯಾಗಿ ನಿಂತದ್ದು ಒಂದು ಪುಟ್ಟ ಪ್ರಶ್ನೆ. ಆಜ್ಞೆಯೋ ಪ್ರಾರ್ಥನೆಯ ಸಾಲೋ ಮುಗಿದ ಕೂಡಲೇ ಇದೇನು ಎಂದು ಪುಸ್ತಕ ಕೇಳುತ್ತದೆ. ಮಾತು ಕಲಿತ ಮಗು ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆಯೇ ಅದು. ಮುನ್ನುಡಿಯಲ್ಲಿ ಲೂಥರ್ ಪಾದ್ರಿಗಳಿಗೆ ಕಲಿಸುವ ಕ್ರಮವನ್ನೂ ಹೇಳಿದರು. ಮೊದಲು ಒಂದೇ ಪಾಠವನ್ನು ಒಂದಕ್ಷರ ಬದಲಿಸದೆ ಬಾಯಿಗೆ ತರಿಸಿ, ಆಮೇಲೆ ಅರ್ಥ ಹೇಳಿಕೊಡಿ, ಅನಂತರ ದೊಡ್ಡ ವಿವರಣೆಗೆ ಹೋಗಿ ಎಂಬುದು ಅವರ ಸಲಹೆ. ಪಂಡಿತನಾಗಿದ್ದರೂ ಪ್ರತಿದಿನ ಮಗುವಿನಂತೆ ಈ ಪಾಠವನ್ನು ಒಪ್ಪಿಸಿಕೊಳ್ಳುತ್ತೇನೆ ಎಂದು ದೊಡ್ಡ ಕ್ಯಾಟೆಕಿಸಂನಲ್ಲಿ ಅವರು ಬರೆದುಕೊಂಡರು.

ಸಣ್ಣ ಕ್ಯಾಟೆಕಿಸಂನ ಮುನ್ನುಡಿಯಲ್ಲಿ ಕಟುವಾದ ಭಾಗವೂ ಇದೆ. ಯಾರನ್ನೂ ನಂಬಿಕೆಗೆ ಬಲವಂತ ಮಾಡಲಾಗದು ಎನ್ನುತ್ತಲೇ, ಕಲಿಯಲು ಒಪ್ಪದವರಿಗೆ ಕರ್ತನ ಭೋಜನ ಕೊಡಬೇಡಿ, ಮನೆಯವರು ಊಟ ನಿಲ್ಲಿಸಲಿ, ಅರಸ ಅಂಥವರನ್ನು ನಾಡಿನಿಂದ ಹೊರಹಾಕಲಿ ಎಂದು ಲೂಥರ್ ಬರೆದರು. ಪ್ರೀತಿಯಿಂದ ಹೆಣೆದ ಪಾಠದ ಬೆನ್ನಿಗೆ ರಾಜದಂಡವೂ ನಿಂತಿತ್ತು. ಇದನ್ನು ಮರೆಮಾಚಿ ಈ ಕಥೆ ಹೇಳುವುದು ನ್ಯಾಯವಲ್ಲ.

ಒಂದು ಪುಸ್ತಕ, ಹಲವು ಭಾಷೆ

ಪರಿಣಾಮ ಬಹುಬೇಗ ಹರಡಿತು. ಎದುರಾಳಿಗಳೂ ಈ ಉಪಕರಣದ ಬಲ ಕಂಡರು. ಜಿನೀವಾದಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ತಮ್ಮದೇ ಕ್ಯಾಟೆಕಿಸಂ ಬರೆದರು. ಕ್ಯಾಥೊಲಿಕ್ ಪಾಳೆಯದಲ್ಲಿ ಜೆಸ್ವಿಟ್ ಪಾದ್ರಿ ಪೀಟರ್ ಕನಿಸಿಯುಸ್ 1555ರಿಂದ 1558ರ ನಡುವೆ ದೊಡ್ಡವರಿಗೆ, ಎಳೆಯರಿಗೆ, ನಡುವಯಸ್ಸಿನ ವಿದ್ಯಾರ್ಥಿಗಳಿಗೆ ಎಂದು ಮೂರು ಬಗೆಯ ಪುಸ್ತಕ ರಚಿಸಿದರು. 1563ರಲ್ಲಿ ಬಂದ ಹೈಡೆಲ್‌ಬರ್ಗ್ ಕ್ಯಾಟೆಕಿಸಂನ 129 ಪ್ರಶ್ನೆಗಳನ್ನು ವರ್ಷದ 52 ಭಾನುವಾರಗಳಿಗೆ ಹಂಚಲಾಯಿತು. ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯ ನಿರ್ಣಯದಂತೆ 1566ರಲ್ಲಿ ರೋಮನ್ ಕ್ಯಾಟೆಕಿಸಂ ಪ್ರಕಟವಾಯಿತು. ಸಿದ್ಧಾಂತದಲ್ಲಿ ಬದ್ಧ ವಿರೋಧಿಗಳಾಗಿದ್ದವರು ಕಲಿಸುವ ವಿಧಾನದಲ್ಲಿ ಒಂದೇ ಹಾದಿ ಹಿಡಿದರು.

ಕನ್ನಡ ಓದುಗರ ಮನ ಮುಟ್ಟಬೇಕಾದ ಇನ್ನೊಂದು ಫಲವಿದೆ. ಆಡುಮಾತಿನಲ್ಲಿಯೇ ಕಲಿಸಬೇಕೆಂಬ ಹಟದಿಂದ ಅಚ್ಚಿನ ಮುಖವನ್ನೇ ಕಾಣದಿದ್ದ ಭಾಷೆಗಳು ಅಚ್ಚಿಗೆ ಬಂದವು. 1547ರಲ್ಲಿ ಕ್ಯೋನಿಗ್ಸ್‌ಬರ್ಗಿನಲ್ಲಿ ಮಾರ್ಟಿನಸ್ ಮಜ್ವಿದಾಸ್ ಹೊರತಂದ ಕ್ಯಾಟೆಕಿಸಂ ಲಿಥುವೇನಿಯನ್ ಭಾಷೆಯ ಮೊದಲ ಮುದ್ರಿತ ಪುಸ್ತಕ. 1550ರಲ್ಲಿ ಪ್ರಿಮೋಜ್ ತ್ರುಬಾರ್ ಸ್ಲೊವೇನಿಯನ್ ಭಾಷೆಯ ಮೊದಲ ಪುಸ್ತಕಗಳಾಗಿ ಒಂದು ಕ್ಯಾಟೆಕಿಸಂ ಮತ್ತು ಒಂದು ಅಕ್ಷರಮಾಲೆಯನ್ನು ಅಚ್ಚು ಹಾಕಿಸಿದರು. ಬಾಲ್ಟಿಕ್ ಕರಾವಳಿಯ ಹಳೆಯ ಪ್ರಷ್ಯನ್ ಭಾಷೆ ಕೆಲವೇ ತಲೆಮಾರುಗಳಲ್ಲಿ ನಶಿಸಿತು. ಆ ಭಾಷೆಯ ಅತಿ ಉದ್ದದ ಬರಹವಾಗಿ ಇಂದು ಉಳಿದಿರುವುದು 1561ರಲ್ಲಿ ಅನುವಾದವಾದ ಲೂಥರರ ಸಣ್ಣ ಕ್ಯಾಟೆಕಿಸಂ. ಒಂದು ಜನಾಂಗದ ಮಾತು ಕೊನೆಗೆ ಮಕ್ಕಳ ಪಾಠಪುಸ್ತಕದಲ್ಲಿ ಉಸಿರು ಹಿಡಿದು ಕೂತಿದೆ.

ಸ್ವೀಡನ್ನಿನಲ್ಲಿ ಈ ಪಾಠ ಕಾನೂನೇ ಆಯಿತು. 1686ರ ಚರ್ಚ್ ಕಾಯ್ದೆಯ ಪ್ರಕಾರ ಸಣ್ಣ ಕ್ಯಾಟೆಕಿಸಂ ಬಾರದವರು ಮದುವೆಯಾಗುವಂತಿರಲಿಲ್ಲ. ಪಾದ್ರಿಗಳು ಮನೆಮನೆಗಳ ಜನರನ್ನು ಕೂರಿಸಿ ಓದು ಪರೀಕ್ಷಿಸಿ ದಾಖಲೆ ಬರೆದಿಟ್ಟರು. ಸಾರ್ವಜನಿಕ ಶಾಲೆಗಳ ಜಾಲ ಬರುವ ಎಷ್ಟೋ ಮೊದಲೇ ಅಲ್ಲಿನ ರೈತ ಗಂಡಸರೂ ಹೆಂಗಸರೂ ಓದಬಲ್ಲವರಾದರು.

ಹಾಗಾದರೆ ಲೂಥರರ ಉದ್ದೇಶ ಗೆದ್ದಿತೇ? ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅಮೆರಿಕದ ಜೆರಾಲ್ಡ್ ಸ್ಟ್ರಾಸ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿನಾರನೇ ಶತಮಾನದ ತನಿಖಾ ವರದಿಗಳನ್ನು ಓದಿ, ಅರ್ಧ ಶತಮಾನದ ಬೋಧನೆಯ ನಂತರವೂ ಹಳ್ಳಿಗರು ಪಾಠದಿಂದ ದೂರವೇ ಉಳಿದರು, ಸುಧಾರಣೆ ಈ ವಿಷಯದಲ್ಲಿ ಸೋತಿತು ಎಂದರು. ತಪ್ಪು ಹುಡುಕಲೆಂದೇ ಹೋದವರ ವರದಿಯಲ್ಲಿ ತಪ್ಪುಗಳೇ ತುಂಬಿರುತ್ತವೆ ಎಂದು ಜೇಮ್ಸ್ ಕಿಟಲ್‌ಸನ್ ಮೊದಲಾದವರು ಬೇರೆ ಪ್ರದೇಶಗಳ ದಾಖಲೆಗಳನ್ನು ಮುಂದಿಟ್ಟು ವಾದಿಸಿದರು. ಒಂದು ತಲೆಮಾರಿನಲ್ಲಿ ನಾಡು ಬದಲಾಗಲಿಲ್ಲ ಎಂಬ ಸ್ಟ್ರಾಸ್ ಮಾತು ಸರಿಯೆಂದೇ ನನಗೆ ತೋರುತ್ತದೆ. ಆದರೆ ಇಂಥ ಕೆಲಸದ ಫಲವನ್ನು ತಲೆಮಾರಿನ ಅಳತೆಯಲ್ಲಿ ಅಳೆಯುವುದು ಸರಿಯಲ್ಲ.

ನಮ್ಮ ಕರಾವಳಿಗೂ ಬಂದ ಪಾಠ

ಈ ಅಲೆ ನಮ್ಮ ತೀರವನ್ನೂ ಮುಟ್ಟಿತು. 1578ರಲ್ಲಿ ಕೊಲ್ಲಂನಲ್ಲಿ ಜೆಸ್ವಿಟ್ ಪಾದ್ರಿ ಹೆನ್ರೀಕ್ ಹೆನ್ರೀಕಸ್ ಅಚ್ಚು ಹಾಕಿಸಿದ ತಮಿಳಿನ ‘ತಂಬಿರಾನ್ ವಣಕ್ಕಂ’ ಹದಿನಾರು ಪುಟಗಳ ಧರ್ಮೋಪದೇಶವೇ. ಗೋವೆಯಲ್ಲಿ ಬಾಳಿದ ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಬರೆದ ಧರ್ಮೋಪದೇಶ ಅವರು ತೀರಿಕೊಂಡ ಮೇಲೆ, 1622ರಲ್ಲಿ, ರಾಚೋಲ್‌ನಲ್ಲಿ ಮುದ್ರಣವಾಯಿತು. ಗೋವೆಯಿಂದ ವಲಸೆ ಬಂದವರ ಸಂತತಿಯಾದ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಮಕ್ಕಳ ಧರ್ಮಪಾಠವನ್ನು ಇಂದಿಗೂ ‘ದೊತೊರ್ನ್’ ಎನ್ನುತ್ತಾರೆ. ಡಾಕ್ಟ್ರಿನ್ ಎಂಬುದರ ಪೋರ್ಚುಗೀಸ್ ರೂಪ ನಾಲಿಗೆಯಲ್ಲಿ ತಿರುಗಿ ಮನೆಮಾತಾದ ಬಗೆ ಇದು.

ಲೂಥರರ ಪರಂಪರೆ ಬಂದದ್ದು 1706ರ ಜುಲೈಯಲ್ಲಿ, ತರಂಗಂಬಾಡಿಗೆ ಬಂದಿಳಿದ ಸೀಗನ್‌ಬಾಲ್ಗ್ ಮತ್ತು ಪ್ಲ್ಯೂಟ್‌ಶೌ ಜೊತೆ. ಸಣ್ಣ ಕ್ಯಾಟೆಕಿಸಂ ಸೀಗನ್‌ಬಾಲ್ಗರ ಮೊದಲ ತಮಿಳು ಅನುವಾದಗಳಲ್ಲೊಂದು. 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು. ಈ ಮಿಷನ್ನಿನವರಲ್ಲಿ ಬಹಳ ಮಂದಿ ವುರ್ಟೆಂಬರ್ಗ್ ನಾಡಿನವರು, ಬಾಲ್ಯದಲ್ಲಿ ಕ್ಯಾಟೆಕಿಸಂ ಒಪ್ಪಿಸಿ ಬೆಳೆದವರು. 1841ರಲ್ಲಿ ಮಂಗಳೂರಿನಲ್ಲಿ ಅವರ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. ಎರಡೇ ವರ್ಷದಲ್ಲಿ, 1843ರ ಜುಲೈ 1ರಂದು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಜನರಿಗೆ ಅವರ ಮಾತಿನಲ್ಲೇ ಕಲಿಸಬೇಕು, ಅದಕ್ಕೆ ಆ ಮಾತನ್ನು ತಾನು ಮೊದಲು ಕಲಿಯಬೇಕು ಎಂಬ ನಿಲುವು ವಿಟೆನ್‌ಬರ್ಗಿನ ಗೋಡೆಹಾಳೆಯಿಂದ ಇದೇ ಮಿಷನ್ನಿನ ಕಿಟೆಲ್ಲರ 1894ರ ಕನ್ನಡ ನಿಘಂಟಿನವರೆಗೂ ಹರಿದುಬಂದಿದೆ.

ಐನೂರು ವರ್ಷಗಳ ಈ ಕಥೆಯಲ್ಲಿ ನನಗೆ ಕಾಣುವ ತೀರ್ಪು ಇಷ್ಟು: ಬರೀ ಬೆದರಿಸಿ ಬಾಯಿಪಾಠ ಮಾಡಿಸಿದ್ದು ಆಳಕ್ಕೆ ಬೇರೂರಲಿಲ್ಲ. ಕಲಿಯುವವನು ತನ್ನ ಹೊಲ, ತನ್ನ ರೊಟ್ಟಿ, ತನ್ನ ನೆರೆಯವನನ್ನು ಆ ಮಾತುಗಳಲ್ಲಿ ಕಂಡುಕೊಂಡ ಕಡೆ ಪಾಠ ಉಳಿಯಿತು. ಮಕ್ಕಳಿಗೆ ನಂಬಿಕೆಯ ಪಾಠ ಹೇಳಿಕೊಡುವ ತಾಯಿತಂದೆಯರು, ಭಾನುವಾರದ ಶಾಲೆಯ ಶಿಕ್ಷಕರು ಒಂದು ಮಾತು ನೆನಪಿಡಲಿ. ಮಗು ಪಾಠ ತಪ್ಪಿಲ್ಲದೆ ಒಪ್ಪಿಸಿದಾಗ ಅಲ್ಲಿಗೇ ನಿಲ್ಲಿಸಬೇಡಿ. ಇದರ ಅರ್ಥವೇನು ಮಗೂ ಎಂದು ಕೇಳಿ, ಅದು ತನ್ನ ಮಾತಿನಲ್ಲಿ ಹೇಳುವವರೆಗೂ ಕಾಯಿರಿ.